ಹಳೇ ಹೋಂಡಾ ಜಾಝ್ ಎಂಒಟಿ ಪಾಸಾಗುತ್ತಾ? ಬ್ರಿಟನ್ನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಬ್ರಿಟನ್ನಿಗೆ ಬಂದವರು ಒಂದು ಚಳಿಗಾಲ ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಕಾರಿನ ಮಾತು ಶುರು ಮಾಡುತ್ತಾರೆ. ಕೈಯಲ್ಲಿ ಜಾಸ್ತಿ ದುಡ್ಡಿರುವುದಿಲ್ಲ. ಆಗ ಗೆಳೆಯರಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಹಳೇ ಜಾಝ್ ತಗೊಳ್ಳಿ, ಎಂಒಟಿ ತಲೆನೋವೇ ಇರಲ್ಲ." ಎಂಒಟಿ ಅಂದರೆ ಇಲ್ಲಿನ ಕಾರುಗಳಿಗೆ ಕಡ್ಡಾಯವಾದ ವಾರ್ಷಿಕ ತಪಾಸಣೆ. ಆ ಮಾತಿನಲ್ಲಿ ನಿಜ ಎಷ್ಟು, ಆಸೆ ಎಷ್ಟು ಅಂತ ಬಿಡಿಸಿ ಹೇಳುವುದಕ್ಕೆ ಈ ಪುಟ. ಇಲ್ಲಿ ಮಾತಾಡುತ್ತಿರುವುದು ಮುಖ್ಯವಾಗಿ 2008ರಿಂದ 2015ರವರೆಗೆ ಇಲ್ಲಿ ಮಾರಾಟವಾದ ಎರಡನೇ ತಲೆಮಾರಿನ ಜಾಝ್ ಬಗ್ಗೆ. ಕಾರಿನ ಇತಿಹಾಸ ಓದುವ ರೀತಿ ಮಾತ್ರ ಯಾವ ಕಾರಿಗಾದರೂ ಒಂದೇ.

ಎಂಒಟಿ ಅಂದ್ರೆ ನಮ್ಮೂರಿನ ಎಫ್‌ಸಿ ತರಹಾನಾ?

ಉದ್ದೇಶ ಒಂದೇ, ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆಯಾ ಅಂತ ನೋಡುವುದು. ಆದರೆ ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ ಮೊದಲ 15 ವರ್ಷ ಎಫ್‌ಸಿ ಗೊಡವೆ ಇಲ್ಲ. ಆಮೇಲೆ ನೋಂದಣಿ ನವೀಕರಿಸುವಾಗ ತಪಾಸಣೆ ಆಗುತ್ತದೆ, ಅದು 5 ವರ್ಷ ನಡೆಯುತ್ತದೆ. ಇಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾರಿಗೆ 3 ವರ್ಷ ತುಂಬಿದಾಗ ಮೊದಲ ಎಂಒಟಿ, ಆಮೇಲೆ ಪ್ರತಿ ವರ್ಷ. ಉತ್ತರ ಐರ್ಲೆಂಡ್‌ನಲ್ಲಿ ಮೊದಲನೆಯದು 4 ವರ್ಷಕ್ಕೆ.

ಹೊಗೆ ತಪಾಸಣೆಗೆ ಬೇರೆ ಅಂಗಡಿ ಹುಡುಕಬೇಕಿಲ್ಲ, ಅದೂ ಇದರೊಳಗೇ ಇದೆ. ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್, ಟೈರ್, ಲೈಟ್, ಸೀಟ್ ಬೆಲ್ಟ್, ಹಾರ್ನ್, ವೈಪರ್, ಮುಂದಿನ ಗಾಜು, ನಂಬರ್ ಪ್ಲೇಟ್, ಕೆಳಭಾಗದ ತುಕ್ಕು ಎಲ್ಲವನ್ನೂ ನೋಡುತ್ತಾರೆ. 1960ರಲ್ಲಿ ಶುರುವಾದಾಗ 10 ವರ್ಷ ದಾಟಿದ ಗಾಡಿಗಳ ಬ್ರೇಕು, ಲೈಟು, ಸ್ಟಿಯರಿಂಗ್ ಮಾತ್ರ ನೋಡುತ್ತಿದ್ದರು. 1967ರಲ್ಲಿ ಅದನ್ನು 3 ವರ್ಷಕ್ಕೆ ಇಳಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಸ್‌ಎ. ಪರೀಕ್ಷೆ ನಡೆಯುವುದು ಮಾತ್ರ ಹೆಚ್ಚಾಗಿ ಅದರ ಅನುಮತಿ ಪಡೆದ ಖಾಸಗಿ ಗ್ಯಾರೇಜುಗಳಲ್ಲಿ.

ಜಾಝ್ ಎಂಒಟಿಯಲ್ಲಿ ಸುಲಭವಾಗಿ ಪಾಸಾಗುತ್ತೆ ಅನ್ನೋದು ನಿಜಾನಾ?

ಒಟ್ಟಾರೆ ನೋಡಿದರೆ ಜಾಝ್‌ಗೆ ಒಳ್ಳೆಯ ಹೆಸರಿದೆ, ಆ ಹೆಸರು ಸುಮ್ನೆ ಬಂದದ್ದಲ್ಲ. ಚಿಕ್ಕ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ, ಟೈಮಿಂಗ್ ಬೆಲ್ಟ್ ಬದಲು ಚೈನ್. ಗಾಡಿ ಹಗುರ, ಹಾಗಾಗಿ ಟೈರು, ಬ್ರೇಕಿನ ಮೇಲೆ ಒತ್ತಡವೂ ಕಡಿಮೆ. ಎರಡನೇ ತಲೆಮಾರಿನಲ್ಲಿ 1.2 ಮತ್ತು 1.4 ಲೀಟರ್ ಎಂಜಿನ್ ಬಂದವು, 2011ರಿಂದ ಹೈಬ್ರಿಡ್ ಕೂಡ. 2009ರಲ್ಲಿ ಭಾರತಕ್ಕೆ ಬಂದ ಜಾಝ್ ಇದೇ ಆಕಾರದ್ದು, 1.2 ಲೀಟರ್ ಎಂಜಿನ್ನಿನದು. ಹಾಗಾಗಿ ಬೆಂಗಳೂರಿನಲ್ಲಿ ಅದನ್ನು ಓಡಿಸಿದವರಿಗೆ ಇಲ್ಲಿ ಹೊಸದು ಅನ್ನಿಸುವುದಿಲ್ಲ.

ಇನ್ನೊಂದು ಕಾರಣ ಕಾರಿನದ್ದಲ್ಲ, ಓಡಿಸುವವರದ್ದು. ಬ್ರಿಟನ್ನಿನಲ್ಲಿ ಜಾಝ್ ಅಂದರೆ ನಿವೃತ್ತರ ಅಚ್ಚುಮೆಚ್ಚಿನ ಕಾರು. ಸೀಟು ಎತ್ತರ, ಹತ್ತಿ ಇಳಿಯುವುದು ಸಲೀಸು, ಸುತ್ತ ಚೆನ್ನಾಗಿ ಕಾಣುತ್ತದೆ. ಅಂಥವರು ವರ್ಷಕ್ಕೆ ಮೂರು ನಾಲ್ಕು ಸಾವಿರ ಮೈಲಿ ಓಡಿಸುತ್ತಾರೆ, ಕಾಲಕಾಲಕ್ಕೆ ಸರ್ವಿಸ್ ಮಾಡಿಸುತ್ತಾರೆ. ಅಂಥ ಕಾರು ಪಾಸಾಗದೆ ಇನ್ನೇನು? ಅದೇ ಜಾಝ್ ಮೂರನೇ ಕೈಗೆ ಹೋಗಿ, ಊಟ ಡೆಲಿವರಿ ಮಾಡುತ್ತಾ ಎರಡು ವರ್ಷ ಸರ್ವಿಸ್ ಇಲ್ಲದೆ ಓಡಿದ್ದರೆ ಹೋಂಡಾ ಹೆಸರು ಅದನ್ನು ಕಾಪಾಡುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಮಾಡೆಲ್ ಹೆಸರು ಸಾಕು. ಕೊಳ್ಳಬೇಕಾ ಬಿಡಬೇಕಾ ಅನ್ನುವುದನ್ನು ಆ ಒಂದು ಕಾರಿನ ಸ್ವಂತ ಎಂಒಟಿ ಇತಿಹಾಸ ನೋಡಿಯೇ ತೀರ್ಮಾನಿಸಬೇಕು.

ಮಾಡೆಲ್‌ಗಳ ಪಾಸ್ ಶೇಕಡಾವಾರು ಪಟ್ಟಿಗಳನ್ನು ನಂಬಬಹುದಾ?

ಪಟ್ಟಿಗಳ ಹಿಂದಿನ ಅಂಕಿಗಳು ಗಟ್ಟಿಯಾದವೇ. ಪರೀಕ್ಷೆಗಳ ಫಲಿತಾಂಶವನ್ನು, ಮಾಲೀಕರ ಗುರುತು ತೆಗೆದು, ಸರ್ಕಾರವೇ ಬಿಡುಗಡೆ ಮಾಡುತ್ತದೆ. ಕಾರು ಪತ್ರಿಕೆಗಳು, ವೆಬ್‌ಸೈಟುಗಳು ಅದನ್ನು ತೆಗೆದುಕೊಂಡು ತಮ್ಮ ತಮ್ಮ ಪಟ್ಟಿ ಮಾಡುತ್ತವೆ. ಎಡವಟ್ಟಾಗುವುದು ಅದನ್ನು ಓದುವಾಗ.

ಮೊದಲು ನೋಡಬೇಕಾದದ್ದು ವಯಸ್ಸು. 4 ವರ್ಷದ ಕಾರನ್ನು 14 ವರ್ಷದ ಕಾರಿನ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಒಂದೇ ಮಾಡೆಲ್ ಹತ್ತು ವರ್ಷ ಮಾರಾಟವಾಗಿದ್ದರೆ ಹಳೆಯವು, ಹೊಸವು ಎಲ್ಲ ಒಂದೇ ಸರಾಸರಿಯಲ್ಲಿ ಕಲಸಿಹೋಗಿರುತ್ತವೆ. ಒಂದೇ ವರ್ಷ ನೋಂದಣಿಯಾದ, ಹತ್ತಿರ ಹತ್ತಿರ ಅಷ್ಟೇ ಮೈಲಿ ಓಡಿದ ಕಾರುಗಳನ್ನು ಹೋಲಿಸಿದ ಪಟ್ಟಿ ಸಿಕ್ಕರೆ ಮಾತ್ರ ಅದಕ್ಕೆ ಬೆಲೆ.

ಎರಡನೆಯದನ್ನು ತುಂಬಾ ಜನ ಗಮನಿಸುವುದಿಲ್ಲ. ಪರೀಕ್ಷೆಯಲ್ಲಿ ಒಂದು ಬಲ್ಬ್ ಹೋಗಿದೆ ಅಂತ ಸಿಕ್ಕಿದರೆ, ಒಂದು ಗಂಟೆಯೊಳಗೆ ಅಲ್ಲೇ ಹಾಕಿ ಪಾಸ್ ಕೊಡಬಹುದು. ದಾಖಲೆಯಲ್ಲಿ ಇದಕ್ಕೆ ಪಿಆರ್‌ಎಸ್ ಅಂತ ಬೇರೆಯೇ ಗುರುತಿದೆ. ಒಂದು ಪಟ್ಟಿ ಇದನ್ನು ಪಾಸ್ ಅಂತ ಎಣಿಸಿ, ಇನ್ನೊಂದು ಫೇಲ್ ಅಂತ ಎಣಿಸಿದರೆ, ಅದೇ ಕಾರಿಗೆ ಎರಡು ಬೇರೆ ಬೇರೆ ಶೇಕಡಾವಾರು ಬರುತ್ತದೆ. ಎರಡೂ ಸುಳ್ಳಲ್ಲ.

ಮೂರನೆಯದು, ಕೆಟ್ಟ ಕಾರುಗಳು ಗುಜರಿಗೆ ಹೋಗಿಬಿಡುತ್ತವೆ. 20 ವರ್ಷ ದಾಟಿದ ಮೇಲೂ ಪರೀಕ್ಷೆಗೆ ಬರುವ ಕಾರುಗಳು ಹೆಚ್ಚಾಗಿ ಚೆನ್ನಾಗಿ ನೋಡಿಕೊಂಡವೇ. ಹಾಗಾಗಿ ತೀರಾ ಹಳೆಯ ಕಾರುಗಳ ಪಾಸ್ ಪ್ರಮಾಣ ಅನಿಸಿದ್ದಕ್ಕಿಂತ ಚೆನ್ನಾಗಿ ಕಾಣಬಹುದು.

ಒಂದು ಅಂದಾಜು ಇಟ್ಟುಕೊಳ್ಳಿ. ಎಲ್ಲ ಕಾರುಗಳನ್ನೂ ಸೇರಿಸಿ ನೋಡಿದರೆ ಹತ್ತರಲ್ಲಿ ಸುಮಾರು ಮೂರು ಆ ವರ್ಷದ ಮೊದಲ ಪ್ರಯತ್ನದಲ್ಲಿ ಫೇಲ್ ಆಗುತ್ತವೆ. ಅಂದರೆ ಫೇಲ್ ಆಗುವುದು ದೊಡ್ಡ ಅವಮಾನವೇನಲ್ಲ. ಯಾವುದಕ್ಕೆ ಫೇಲ್ ಆಯಿತು ಅನ್ನುವುದೇ ಮುಖ್ಯ.

ನಾನು ನೋಡಿರೋ ಕಾರಿನ ಇತಿಹಾಸ ಎಲ್ಲಿ ಸಿಗುತ್ತೆ? ದುಡ್ಡು ಕೊಡಬೇಕಾ?

ಒಂದು ಪೆನ್ನಿಯೂ ಬೇಡ. ಗವ್.ಯುಕೆ ಸರ್ಕಾರಿ ತಾಣದಲ್ಲಿ ಎಂಒಟಿ ಇತಿಹಾಸ ನೋಡುವ ಪುಟವಿದೆ. ಕಾರಿನ ನಂಬರ್ ಹಾಕಿದರೆ ಸಾಕು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಪರೀಕ್ಷೆಗಳು 2005ರಿಂದ, ಉತ್ತರ ಐರ್ಲೆಂಡ್‌ನವು 2017ರಿಂದ ಸಿಗುತ್ತವೆ. ಪ್ರತಿ ಪರೀಕ್ಷೆಯ ದಿನಾಂಕ, ಪಾಸೋ ಫೇಲೋ, ಆವತ್ತಿನ ಮೈಲಿ, ಸಿಕ್ಕಿದ ದೋಷಗಳು ಎಲ್ಲಾ ಅಲ್ಲಿರುತ್ತವೆ. ಯಾವ ಗ್ಯಾರೇಜಿನಲ್ಲಿ ಪರೀಕ್ಷೆ ಆಯಿತು ಅನ್ನುವುದು ಬೇಕಿದ್ದರೆ ಮಾತ್ರ ವಿ5ಸಿ ಲಾಗ್‌ಬುಕ್ಕಿನ (ಕಾರಿನ ನೋಂದಣಿ ಪತ್ರ) ಮೇಲಿರುವ 11 ಅಂಕಿಯ ಸಂಖ್ಯೆ ಹಾಕಬೇಕು.

ಮಾರುವವರ ಮನೆಗೆ ಹೋಗುವ ಮುಂಚೆಯೇ ಇದನ್ನು ನೋಡಿ. ಜಾಹೀರಾತಿನಲ್ಲಿ ನಂಬರ್ ಪ್ಲೇಟ್ ಮಸುಕು ಮಾಡಿದ್ದರೆ ನಂಬರ್ ಕೇಳಿ. ಕೊಡುವುದಕ್ಕೆ ಹಿಂದೇಟು ಹಾಕಿದರೆ ಅಲ್ಲಿಗೇ ಬಿಟ್ಟುಬಿಡಿ, ಜಾಝ್‌ಗಳಿಗೆ ಇಲ್ಲೇನು ಬರವಿಲ್ಲ.

ಇತಿಹಾಸ ಸಿಕ್ಕಿತು. ಇದನ್ನು ಓದೋದು ಹೇಗೆ?

20 ಮೇ 2018ರಿಂದ ದೋಷಗಳನ್ನು ಮೂರು ದರ್ಜೆಯಲ್ಲಿ ಬರೆಯುತ್ತಾರೆ. ಡೇಂಜರಸ್ ಅಂದರೆ ಸರಿ ಮಾಡಿಸದೆ ಓಡಿಸುವಂತೆಯೇ ಇಲ್ಲ. ಮೇಜರ್ ಅಂದರೆ ಫೇಲ್. ಮೈನರ್ ಇದ್ದರೆ ಪಾಸ್, ಆದರೆ ಬೇಗ ಸರಿ ಮಾಡಿಸಿ ಅಂತ. ಇವುಗಳ ಜೊತೆ ಅಡ್ವೈಸರಿ ಅಂತ ಒಂದಿದೆ: ಈಗ ದೋಷವಲ್ಲ, ಮುಂದೆ ಆಗಬಹುದು, ಗಮನವಿರಲಿ. 2018ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಫೇಲ್ ಮತ್ತು ಅಡ್ವೈಸರಿ ಎರಡೇ ಕಾಣುತ್ತವೆ, ಗಾಬರಿ ಬೇಡ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಹೇಳುವುದು ಈ ಅಡ್ವೈಸರಿಗಳೇ. ಅವನ್ನು ಹಳೆಯದರಿಂದ ಹೊಸದರ ಕಡೆಗೆ ಓದಿಕೊಂಡು ಬನ್ನಿ. ಒಂದು ವರ್ಷ ಮುಂದಿನ ಟೈರು ಸವೆಯುತ್ತಿದೆ ಅಂತ ಬರೆದಿದ್ದಾರೆ, ಮರುವರ್ಷ ಆ ಮಾತೇ ಇಲ್ಲ. ಅಂದರೆ ಮಾಲೀಕರು ಹೊಸ ಟೈರು ಹಾಕಿಸಿದ್ದಾರೆ. ಒಳ್ಳೆಯ ಲಕ್ಷಣ. ಇನ್ನೊಂದು ಕಾರಿನಲ್ಲಿ ಬ್ರೇಕ್ ಪೈಪಿಗೆ ತುಕ್ಕು ಅಂತ ಮೂರು ವರ್ಷ ಸತತ ಅಡ್ವೈಸರಿ, ನಾಲ್ಕನೇ ವರ್ಷ ಅದಕ್ಕೇ ಫೇಲ್. ಹೇಳಿದರೂ ಕೇಳದ ಮಾಲೀಕರು ಅಂತ ಅರ್ಥ. ಅಂಥವರು ಎಂಜಿನ್ ಆಯಿಲ್ ಕಾಲಕ್ಕೆ ಸರಿಯಾಗಿ ಬದಲಾಯಿಸಿರುತ್ತಾರೆ ಅಂತ ನಂಬುವುದು ಕಷ್ಟ, ಅಲ್ವಾ?

ಫೇಲ್‌ಗಳನ್ನು ಎಣಿಸಬೇಡಿ, ತೂಗಿ ನೋಡಿ. ನಂಬರ್ ಪ್ಲೇಟಿನ ಬಲ್ಬ್, ವೈಪರ್ ರಬ್ಬರ್, ಟೈರು ಇವು ಸವೆಯುವ ಸಾಮಾನುಗಳು. ಇವಕ್ಕೆ ಮೂರು ಸಲ ಫೇಲ್ ಆದ ಕಾರನ್ನು ನಾನು ಧೈರ್ಯವಾಗಿ ಕೊಳ್ಳಿ ಅನ್ನುತ್ತೇನೆ. ಆದರೆ ಸೀಟ್ ಬೆಲ್ಟ್ ಅಥವಾ ಸಸ್ಪೆನ್ಷನ್ ಕೂರುವ ಜಾಗದ ಹತ್ತಿರ ತುಕ್ಕು ಅಂತ ಒಂದೇ ಒಂದು ಸಲ ಬಂದಿದ್ದರೂ ಎರಡು ಸಲ ಯೋಚನೆ ಮಾಡಿ.

ಅಡ್ವೈಸರಿ ಬರೆಯುವುದರಲ್ಲಿ ಪರೀಕ್ಷಕರಿಂದ ಪರೀಕ್ಷಕರಿಗೆ ವ್ಯತ್ಯಾಸವಿದೆ. ಒಬ್ಬರು ಸಣ್ಣದನ್ನೂ ಬಿಡದೆ ಬರೆಯುತ್ತಾರೆ, ಇನ್ನೊಬ್ಬರು ಏನೂ ಬರೆಯುವುದಿಲ್ಲ. ಹಾಗಾಗಿ 13 ವರ್ಷದ ಕಾರಿನ ಇತಿಹಾಸ ಒಂದು ಚುಕ್ಕೆಯೂ ಇಲ್ಲದಷ್ಟು ಚೊಕ್ಕವಾಗಿದ್ದರೆ ಖುಷಿಪಡುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಿ.

2020ರಲ್ಲಿ ಪರೀಕ್ಷೆ ಮಾಡಿಸದೆ ಬಿಟ್ಟಿದ್ದಾರೆ. ಏನೋ ಮುಚ್ಚಿಡ್ತಿದ್ದಾರಾ?

ಹಾಗೇನೂ ಇಲ್ಲ. ಕೋವಿಡ್ ಸಮಯದಲ್ಲಿ, 30 ಮಾರ್ಚ್ 2020ರಿಂದ ಜುಲೈ ಕೊನೆಯೊಳಗೆ ಎಂಒಟಿ ಮುಗಿಯುತ್ತಿದ್ದ ಕಾರುಗಳಿಗೆ ಸರ್ಕಾರವೇ 6 ತಿಂಗಳು ಹೆಚ್ಚಿಗೆ ಕೊಟ್ಟಿತ್ತು. ಬೇರೆ ವರ್ಷಗಳಲ್ಲಿ ದೊಡ್ಡ ಅಂತರವಿದ್ದರೆ ಮಾತ್ರ ಕಾರಣ ಕೇಳಿ. ಕಾರು ರಸ್ತೆಗೆ ಇಳಿಯದೆ ನಿಂತಿರಬಹುದು, ಅಪಘಾತವಾಗಿ ರಿಪೇರಿಯಲ್ಲಿ ಇದ್ದಿರಬಹುದು.

ಮೈಲಿ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಗೊತ್ತಾಗುತ್ತಾ?

ಬಹಳ ಸಲ ಗೊತ್ತಾಗುತ್ತದೆ. ಪ್ರತಿ ವರ್ಷದ ಮೈಲಿ ದಾಖಲಾಗಿರುವುದರಿಂದ ಒಂದರ ಕೆಳಗೆ ಒಂದು ಬರೆದುಕೊಂಡರೆ ಸಾಕು. 61,000, 68,000, ಆಮೇಲೆ 49,000 ಅಂತ ಇದ್ದರೆ ಸಾಮಾನ್ಯವಾಗಿ ಎರಡು ಕಾರಣ: ಮೀಟರ್ ತಿದ್ದಿದ್ದಾರೆ, ಇಲ್ಲವೇ ಪರೀಕ್ಷಕರು ತಪ್ಪು ಅಂಕಿ ಒತ್ತಿದ್ದಾರೆ. ಅಂಕಿ ತಪ್ಪಿದ್ದರೆ ಮುಂದಿನ ವರ್ಷ ಮತ್ತೆ ಸರಿಯಾದ ಸಾಲಿಗೆ ಬಂದಿರುತ್ತದೆ. ಕಡಿಮೆಯಾದ ಅಂಕಿಯಿಂದಲೇ ಮುಂದುವರಿದಿದ್ದರೆ ಆ ಕಾರು ಬೇಡ.

ಮೊದಲ 3 ವರ್ಷ ಪರೀಕ್ಷೆಯೇ ಇರುವುದಿಲ್ಲ. ಆಗ ಏನಾಯಿತು ಅನ್ನುವುದಕ್ಕೆ ಸರ್ವಿಸ್ ಪುಸ್ತಕವೇ ಗತಿ.

ಜಾಝ್‌ನಲ್ಲಿ ಎಂಒಟಿಗೆ ಸಾಮಾನ್ಯವಾಗಿ ಕೈಕೊಡೋದು ಯಾವುದು?

ಈ ವಯಸ್ಸಿನ ಎಲ್ಲ ಸಣ್ಣ ಕಾರುಗಳಂತೆ ಇದರಲ್ಲೂ ಲೈಟು, ಟೈರು, ಬ್ರೇಕು, ಸಸ್ಪೆನ್ಷನ್. ಆದರೆ ಜಾಝ್ ಹೇಗೆ ಬಳಕೆಯಾಗುತ್ತದೆ ಅನ್ನುವುದರಿಂದ ಕೆಲವು ಸಮಸ್ಯೆ ಇದರಲ್ಲಿ ಎದ್ದು ಕಾಣುತ್ತವೆ.

ಕಡಿಮೆ ಓಡುವ ಕಾರಿನ ಬ್ರೇಕ್ ಡಿಸ್ಕುಗಳು ಸವೆದು ಹಾಳಾಗುವುದಿಲ್ಲ, ತುಕ್ಕು ಹಿಡಿದು ಹಾಳಾಗುತ್ತವೆ. ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಬರುವ ಕಾರಿನಲ್ಲಿ ಹಿಂದಿನ ಬ್ರೇಕ್ ಅಂಟಿಕೊಂಡು, ಎಡಕ್ಕೂ ಬಲಕ್ಕೂ ಬಲ ಸಮನಾಗಿ ಬರುವುದಿಲ್ಲ. ಪರೀಕ್ಷೆಯ ರೋಲರ್ ಮೇಲೆ ನಿಲ್ಲಿಸಿದ ತಕ್ಷಣ ಇದು ಗೊತ್ತಾಗಿಬಿಡುತ್ತದೆ. ಟೈರುಗಳೂ ಹಾಗೇ. ಗೆರೆ ಆಳವಾಗಿಯೇ ಇರುತ್ತದೆ, ಆದರೆ ವಯಸ್ಸಾಗಿ ಪಕ್ಕದ ರಬ್ಬರ್ ಬಿರುಕು ಬಿಟ್ಟಿರುತ್ತದೆ. "ಬರೀ 35,000 ಮೈಲಿ ಓಡಿದೆ" ಅನ್ನುವ ಜಾಝ್ ನೋಡಲು ಹೋದರೆ ಈ ಎರಡನ್ನು ಮೊದಲು ನೋಡಿ.

ಇನ್ನೊಂದು ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಭಾಗ. ಇದರೊಳಗೆ ಬೆಲೆಬಾಳುವ ಲೋಹಗಳಿರುವುದರಿಂದ ಕಳ್ಳರು ಕಾರಿನ ಕೆಳಗೆ ನುಗ್ಗಿ ಕತ್ತರಿಸಿಕೊಂಡು ಹೋಗುತ್ತಾರೆ. ಅವರ ಕಣ್ಣು ಜಾಸ್ತಿ ಬೀಳುವ ಕಾರುಗಳಲ್ಲಿ ಟೊಯೊಟಾ ಪ್ರಿಯಸ್ ಜೊತೆ ಜಾಝ್ ಕೂಡ ಇದೆ. ಕಾರು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಕನ್ವರ್ಟರ್ ಈಗ ಇಲ್ಲದಿದ್ದರೆ ನೇರ ಫೇಲ್. ಅಗ್ಗದ ಬದಲಿ ಹಾಕಿಸಿದ್ದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಈ ವಯಸ್ಸಿನ ಪೆಟ್ರೋಲ್ ಕಾರುಗಳಿಗೆ ಎಂಜಿನ್ ವೇಗ ಏರಿಸಿದಾಗ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯವಾಗಿ ಶೇಕಡಾ 0.2ರೊಳಗೆ ಇರಬೇಕು. ಕನ್ವರ್ಟರ್ ಬದಲಾಗಿದೆಯಾ, ಬಿಲ್ ಇದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಡ್ಯಾಶ್‌ಬೋರ್ಡಿನ ದೀಪಗಳನ್ನೂ ನೋಡಿ. ಎಂಜಿನ್ ದೀಪ, ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಇವುಗಳಲ್ಲಿ ಯಾವುದು ಉರಿಯುತ್ತಿದ್ದರೂ ಫೇಲ್. ಕೀ ತಿರುಗಿಸಿದಾಗ ಎಲ್ಲಾ ಒಮ್ಮೆ ಹೊತ್ತಿ ಆರಬೇಕು. ಹೊತ್ತಿಕೊಳ್ಳದೇ ಇದ್ದರೆ ಯಾರೋ ದೀಪವನ್ನೇ ಕಿತ್ತಿರಬಹುದು.

ಇಲ್ಲಿ ಎಲ್ಲರೂ ತುಕ್ಕು ತುಕ್ಕು ಅಂತಾರಲ್ಲ, ಅಷ್ಟೊಂದು ದೊಡ್ಡ ವಿಷಯಾನಾ?

ಹೌದು. ಬೆಂಗಳೂರಿನಿಂದ ಬಂದವರು ಅಂದಾಜು ಮಾಡುವುದಕ್ಕಿಂತ ದೊಡ್ಡ ವಿಷಯ. ಚಳಿಗಾಲದಲ್ಲಿ ಹಿಮ, ಮಂಜು ಕರಗಲಿ ಅಂತ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಕೆಳಗೆಲ್ಲಾ ಹಾರಿ ಕೂತುಕೊಳ್ಳುತ್ತದೆ. ಬ್ರೇಕ್ ಪೈಪು, ಹಿಂದಿನ ಆಕ್ಸಲ್, ಸೈಲೆನ್ಸರ್, ಸಸ್ಪೆನ್ಷನ್ ಸ್ಪ್ರಿಂಗ್ ಇವೆಲ್ಲ ಅದಕ್ಕೆ ಬಲಿ. ತುಕ್ಕು ಹಿಡಿದ ಸ್ಪ್ರಿಂಗ್ ರಸ್ತೆಗುಂಡಿಗೆ ಬಿದ್ದಾಗ ತುಂಡಾಗುವುದು ಇಲ್ಲಿ ತೀರಾ ಸಾಮಾನ್ಯ. ಎಷ್ಟೋ ಜನಕ್ಕೆ ಸ್ಪ್ರಿಂಗ್ ಮುರಿದಿದೆ ಅಂತ ಗೊತ್ತಾಗುವುದೇ ಎಂಒಟಿಯಲ್ಲಿ.

ಪರೀಕ್ಷೆಯ ನಿಯಮದಲ್ಲಿ ಮೇಲೆ ಕಾಣುವ ತುಕ್ಕಿಗೆ ಅಷ್ಟು ಬೆಲೆ ಇಲ್ಲ. ಬಾಗಿಲ ಅಂಚಿನಲ್ಲಿ ಬಣ್ಣ ಉಬ್ಬಿದ್ದರೆ ಫೇಲ್ ಮಾಡುವುದಿಲ್ಲ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್ ಇವು ಬಾಡಿಗೆ ಸೇರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ಸೊರಗಿದ್ದರೆ ಫೇಲ್. ಅಲ್ಲಿ ವೆಲ್ಡಿಂಗ್ ಮಾಡಿಸಬೇಕಾಗುತ್ತದೆ. ಹಳೇ ಕಾರಿಗೆ ಆ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮೀರುತ್ತದೆ.

ಸ್ಕಾಟ್ಲೆಂಡಿನಲ್ಲೋ ಸಮುದ್ರದ ದಂಡೆಯಲ್ಲೋ ಬೆಳೆದ ಕಾರಾದರೆ ಇನ್ನೂ ಹುಷಾರು. ನೀವು ಕೊಂಡ ಮೇಲೆ ಚಳಿಗಾಲದಲ್ಲಿ ಆಗಾಗ ಕೆಳಭಾಗಕ್ಕೂ ನೀರು ಹೊಡೆಸಿ ತೊಳೆಸಿ. ಖರ್ಚು ಸಣ್ಣದು, ಉಪಯೋಗ ದೊಡ್ಡದು.

"12 ತಿಂಗಳ ಹೊಸ ಎಂಒಟಿ ಇದೆ" ಅಂತ ಜಾಹೀರಾತಿನಲ್ಲಿ ಹಾಕಿದ್ದಾರೆ. ಚಿಂತೆ ಇಲ್ಲ ಅಲ್ವಾ?

ಪರೀಕ್ಷೆ ನಡೆದ ಆ ಗಳಿಗೆಯಲ್ಲಿ ಕಾರು ಕನಿಷ್ಠ ಮಟ್ಟ ಮುಟ್ಟಿತ್ತು, ಅಷ್ಟೇ ಅದರ ಅರ್ಥ. ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅನ್ನುವುದು ನಿಯಮ. 1.7 ಇದ್ದರೂ ಪಾಸ್. ಮುಂದಿನ ತಿಂಗಳು ನಾಲ್ಕೂ ಟೈರು ಹಾಕಿಸುವವರು ನೀವು. ಆದ್ದರಿಂದ ಹೊಸ ಪರೀಕ್ಷೆಯ ಅಡ್ವೈಸರಿಗಳನ್ನೂ, ಅದಕ್ಕೆ ಸ್ವಲ್ಪ ದಿನ ಮುಂಚೆ ಒಂದು ಫೇಲ್ ಇದೆಯಾ ಅನ್ನುವುದನ್ನೂ ನೋಡಿ. ಫೇಲ್ ಇದ್ದರೆ ಏನು ರಿಪೇರಿ ಆಯಿತು ಅಂತ ಬಿಲ್ ಕೇಳಿ.

ಡೀಲರ್ ಹತ್ತಿರ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. ಕಾರಿನಲ್ಲಿ ಕೊಳ್ಳುವಾಗಲೇ ದೋಷವಿತ್ತು ಅಂತಾದರೆ 30 ದಿನದೊಳಗೆ ವಾಪಸ್ ಕೊಡಬಹುದು. ಎಂಒಟಿ ಪಾಸಾಗಿತ್ತಲ್ಲ ಅನ್ನುವುದು ಅವರಿಗೆ ಉತ್ತರವಾಗುವುದಿಲ್ಲ. ಖಾಸಗಿಯವರ ಹತ್ತಿರ ಕೊಂಡರೆ ಈ ರಕ್ಷಣೆ ಇಲ್ಲ, ಅಲ್ಲಿ ನಿಮ್ಮ ಕಣ್ಣೇ ನಿಮಗೆ ಆಸರೆ.

ಎಂಒಟಿಯಲ್ಲಿ ಎಂಜಿನ್ ನೋಡಲ್ವಾ?

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ಎಂಒಟಿ ನೋಡುವುದಿಲ್ಲ. ಹೊಗೆ ಸರಿಯಿದೆಯಾ, ಆಯಿಲ್ ಜೋರಾಗಿ ಸೋರುತ್ತಿದೆಯಾ ಇಂಥವನ್ನು ನೋಡುತ್ತಾರೆ, ಅಷ್ಟೇ. ಕ್ಲಚ್ ಇನ್ನೊಂದು ವಾರ ಬಾಳುವಂತಿಲ್ಲದ ಕಾರೂ ಆರಾಮಾಗಿ ಪಾಸಾಗುತ್ತದೆ.

ಫೋರ್ಡ್ ಫಿಯೆಸ್ಟಾ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷಗಟ್ಟಲೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. 2023ರಲ್ಲಿ ತಯಾರಿಕೆ ನಿಲ್ಲಿಸಿದರು. ಓಡಿಸಲು ಖುಷಿ ಕೊಡುತ್ತದೆ, ಬಿಡಿಭಾಗ ಅಗ್ಗ. ಆದರೆ ಅದರ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನ ಹಳೆಯ ಮಾದರಿಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ತಿರುಗುತ್ತದೆ. ಅದು ಹಳತಾಗಿ ಚೂರು ಚೂರಾಗಿ ಉದುರಿದರೆ ಆಯಿಲ್ ಹೋಗುವ ದಾರಿ ಕಟ್ಟಿಕೊಂಡು ಎಂಜಿನ್ನೇ ಹೋಗುತ್ತದೆ. ಹಿಂದಿನ ದಿನ ಎಂಒಟಿ ಒಂದು ಅಡ್ವೈಸರಿಯೂ ಇಲ್ಲದೆ ಪಾಸಾಗಿದ್ದಿರಬಹುದು. ಜಾಝ್ ಅನ್ನು ನಾನು ಮೇಲಿಡುವುದು ಇದಕ್ಕೇ ಹೊರತು ಎಂಒಟಿ ಅಂಕಿಗಾಗಿ ಅಲ್ಲ.

ಜಾಝ್‌ನಲ್ಲೂ ಪರೀಕ್ಷೆಗೆ ಕಾಣದ ಜಾಗಗಳಿವೆ. 2011ಕ್ಕೆ ಮುಂಚಿನ ಆಟೊಮ್ಯಾಟಿಕ್‌ನಲ್ಲಿ ಐ-ಶಿಫ್ಟ್ ಅನ್ನುವ ಗೇರ್‌ಬಾಕ್ಸ್ ಇತ್ತು. ಅದರ ಎಳೆದಾಟ ತುಂಬಾ ಜನಕ್ಕೆ ಹಿಡಿಸಲಿಲ್ಲ, ಹೋಂಡಾ ಮತ್ತೆ ಸಿವಿಟಿ ಅನ್ನುವ ಸಲೀಸಾದ ಆಟೊಮ್ಯಾಟಿಕ್‌ಗೆ ಮರಳಿತು. ಹೈಬ್ರಿಡ್‌ನ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತಲೂ ಎಂಒಟಿ ಅಳೆಯುವುದಿಲ್ಲ.

ಟಕಾಟಾ ಏರ್‌ಬ್ಯಾಗ್ ರೀಕಾಲ್, ಅಂದರೆ ಟಕಾಟಾ ಕಂಪನಿಯ ದೋಷವಿರುವ ಏರ್‌ಬ್ಯಾಗ್ ಬದಲಿಸಲು ಕಾರುಗಳನ್ನು ವಾಪಸ್ ಕರೆದದ್ದು ಕೂಡ ನೆನಪಿರಲಿ. ಹಲವು ವರ್ಷಗಳ ಜಾಝ್‌ಗಳು ಅದರಡಿ ಬಂದಿದ್ದವು. ಏರ್‌ಬ್ಯಾಗ್ ಬದಲಾಗಿದೆಯಾ ಅಂತ ನಂಬರ್ ಕೊಟ್ಟು ಹೋಂಡಾ ಡೀಲರ್ ಹತ್ತಿರ ಕೇಳಿ. ಬಾಕಿ ಇದ್ದರೆ ಪುಕ್ಕಟೆ ಮಾಡಿಕೊಡುತ್ತಾರೆ. ಜೀವದ ಪ್ರಶ್ನೆ ಇದು, ದಯವಿಟ್ಟು ಮುಂದೂಡಬೇಡಿ.

ಅಗ್ಗಕ್ಕೆ ಡೀಸೆಲ್ ಕಾರು ಸಿಗ್ತಾ ಇದೆ. ತಗೊಳ್ಳಲಾ?

ದಿನಾ ಮೋಟರ್‌ವೇಯಲ್ಲಿ ದೂರ ಹೋಗುವವರಾದರೆ ಯೋಚಿಸಿ. ಶಾಲೆ, ಅಂಗಡಿ, ಸ್ಟೇಷನ್ ಅಂತ ಎರಡು ಮೂರು ಮೈಲಿಯ ಓಡಾಟಕ್ಕೆ ಬೇಡ. ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಸಣ್ಣ ಓಡಾಟಕ್ಕೆ ಅದು ಬಿಸಿಯಾಗುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಕೆಲವರು ಅದನ್ನು ಕಿತ್ತೇ ಹಾಕಿರುತ್ತಾರೆ. ಕಿತ್ತಿದ್ದರೆ ಫೇಲ್, ಕಣ್ಣಿಗೆ ಕಾಣುವ ಹೊಗೆ ಬಂದರೂ ಫೇಲ್.

ಫೀಸ್ ಎಷ್ಟು? ಫೇಲ್ ಆದ್ರೆ ಪೂರ್ತಿ ಮತ್ತೆ ಕೊಡಬೇಕಾ?

ಕಾರಿಗೆ ಗರಿಷ್ಠ 54.85 ಪೌಂಡ್. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಕಡಿಮೆಗೆ ಮಾಡುವವರು ಬೇಕಾದಷ್ಟಿದ್ದಾರೆ. ಫೇಲ್ ಆದರೆ ಅಲ್ಲೇ ಬಿಟ್ಟು ರಿಪೇರಿ ಮಾಡಿಸಿದರೆ, 10 ಕೆಲಸದ ದಿನಗಳೊಳಗೆ ಆ ದೋಷಗಳ ಮರುಪರೀಕ್ಷೆಗೆ ಫೀಸ್ ಇಲ್ಲ. ಬೇರೆ ಕಡೆ ರಿಪೇರಿ ಮಾಡಿಸಿ ಅದೇ ಗ್ಯಾರೇಜಿಗೆ 10 ಕೆಲಸದ ದಿನಗಳೊಳಗೆ ತಂದರೆ ಭಾಗಶಃ ಫೀಸ್ ಕೇಳಬಹುದು.

ಫೇಲ್ ಆದ ಕಾರನ್ನು ಮನೆಗೆ ತರಬಹುದಾ?

ಹಳೆಯ ಎಂಒಟಿಗೆ ಇನ್ನೂ ದಿನ ಬಾಕಿ ಇದ್ದು, ಹೊಸ ಪರೀಕ್ಷೆಯಲ್ಲಿ ಡೇಂಜರಸ್ ಅಂತ ಯಾವುದೂ ಬರೆಯದಿದ್ದರೆ ತರಬಹುದು, ಕಾರು ರಸ್ತೆಗೆ ಯೋಗ್ಯವಾಗಿದ್ದರೆ ಮಾತ್ರ. ಡೇಂಜರಸ್ ಅಂತ ಬರೆದ ಮೇಲೂ ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ 3 ಪಾಯಿಂಟ್. ಎಂಒಟಿ ಅವಧಿ ಮುಗಿದ ಕಾರನ್ನು ಓಡಿಸಿದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ಮೊದಲೇ ಗೊತ್ತು ಮಾಡಿದ ಪರೀಕ್ಷೆಗೆ, ಇಲ್ಲವೇ ರಿಪೇರಿಗೆ ಹೋಗುವುದಕ್ಕೆ ಮಾತ್ರ ವಿನಾಯಿತಿ.

ಪರೀಕ್ಷೆಗೆ ಮುಂಚೆ ಮನೆಯಲ್ಲೇ ಏನು ನೋಡಿಕೊಳ್ಳಬಹುದು?

ಅರ್ಧ ಗಂಟೆ ಸಾಕು. ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಎಲ್ಲ ಲೈಟು ಹಾಕಿ ನೋಡಿ, ಬ್ರೇಕ್ ಲೈಟು ಮತ್ತು ನಂಬರ್ ಪ್ಲೇಟಿನ ಲೈಟು ಮರೆಯಬೇಡಿ. ಗಾಜು ತೊಳೆಯುವ ನೀರು ತುಂಬಿಸಿ, ಅದು ಖಾಲಿ ಇದ್ದದ್ದಕ್ಕೇ ಎಷ್ಟೋ ಕಾರು ಫೇಲ್ ಆಗುತ್ತವೆ. ವೈಪರ್ ಗೆರೆ ಬಿಡದೆ ಒರೆಸಬೇಕು. 20 ಪೆನ್ಸ್ ನಾಣ್ಯವನ್ನು ಟೈರಿನ ಗೆರೆಯೊಳಗೆ ನಿಲ್ಲಿಸಿ. ನಾಣ್ಯದ ಹೊರ ಅಂಚು ಕಾಣಿಸಿದರೆ ಟೈರು ಮಿತಿ ಹತ್ತಿರ ಬಂದಿದೆ. ಮುಂದಿನ ಗಾಜಿನಲ್ಲಿ ಸ್ಟಿಯರಿಂಗ್ ನೇರಕ್ಕೆ 10 ಮಿಲಿಮೀಟರಿಗಿಂತ ದೊಡ್ಡ ಒಡಕಿದ್ದರೆ ಫೇಲ್, ವೈಪರ್ ಓಡುವ ಉಳಿದ ಜಾಗದಲ್ಲಿ 40 ಮಿಲಿಮೀಟರ್‌ವರೆಗೆ ಬಿಡುತ್ತಾರೆ. ಕನ್ನಡಿಗೆ ನೇತುಹಾಕಿದ ದೇವರ ಪಟ, ಮಣಿಸರ ನೋಟಕ್ಕೆ ಅಡ್ಡ ಬರುವ ಹಾಗಿದ್ದರೆ ಆವತ್ತೊಂದು ದಿನ ತೆಗೆದಿಡಿ.

ಗ್ಯಾರೇಜಿನವರು ರಿಪೇರಿ ಆಸೆಗೆ ಸುಮ್ನೆ ಫೇಲ್ ಮಾಡ್ತಾರಾ?

ಹೆಚ್ಚಿನವರು ಪ್ರಾಮಾಣಿಕರು, ಅವರ ಮೇಲೆ ಡಿವಿಎಸ್‌ಎ ಕಣ್ಣೂ ಇರುತ್ತದೆ. ಆದರೂ ಅನುಮಾನ ಇದ್ದರೆ ನಿಮ್ಮ ಕೌನ್ಸಿಲ್ ಸ್ವಂತ ಎಂಒಟಿ ಕೇಂದ್ರ ನಡೆಸುತ್ತದಾ ಅಂತ ವಿಚಾರಿಸಿ. ಕೆಲವು ಕೌನ್ಸಿಲ್‌ಗಳು ಬಸ್, ಕಸದ ಲಾರಿಗಳಿಗೆ ಅಂತ ಇಟ್ಟುಕೊಂಡ ಕೇಂದ್ರದಲ್ಲಿ ಸಾರ್ವಜನಿಕರ ಕಾರನ್ನೂ ನೋಡುತ್ತವೆ. ಅಲ್ಲಿ ಸಾಮಾನ್ಯವಾಗಿ ಪರೀಕ್ಷೆ ಮಾತ್ರ, ರಿಪೇರಿ ಇಲ್ಲ. ಹಾಗಾಗಿ ತಪ್ಪು ಹುಡುಕಿ ಅವರಿಗೆ ಲಾಭವಿಲ್ಲ. ನನಗೆ ತುಂಬಾ ಇಷ್ಟವಾದ ವ್ಯವಸ್ಥೆ ಇದು.

ಫೇಲ್ ಮಾಡಿದ್ದು ತಪ್ಪು ಅನ್ನಿಸಿದರೆ 14 ಕೆಲಸದ ದಿನಗಳೊಳಗೆ ಡಿವಿಎಸ್‌ಎಗೆ ಮೇಲ್ಮನವಿ ಹಾಕಬಹುದು. ಅವರು ಮತ್ತೆ ಪರೀಕ್ಷಿಸುತ್ತಾರೆ, ಅದಕ್ಕೆ ಪೂರ್ತಿ ಫೀಸ್ ಕಟ್ಟಬೇಕು. ಅಲ್ಲಿಯವರೆಗೆ ಕಾರನ್ನು ರಿಪೇರಿ ಮಾಡಿಸಬೇಡಿ, ಮಾಡಿಸಿದರೆ ನೋಡಲು ಏನೂ ಉಳಿಯುವುದಿಲ್ಲ.

ನಾವು ಡಬ್ಲಿನ್‌ನಲ್ಲಿ ಇದ್ದೀವಿ, ತಮ್ಮ ಜರ್ಮನಿಯಲ್ಲಿದ್ದಾನೆ. ಅಲ್ಲೂ ಹೀಗೇನಾ?

ಐರ್ಲೆಂಡ್‌ನಲ್ಲಿ ಎನ್‌ಸಿಟಿ ಅಂತ ಇದೆ. 4 ವರ್ಷಕ್ಕೆ ಮೊದಲನೆಯದು, ಆಮೇಲೆ ಎರಡು ವರ್ಷಕ್ಕೊಮ್ಮೆ, 10 ವರ್ಷ ಆದ ಮೇಲೆ ಪ್ರತಿ ವರ್ಷ. ಜರ್ಮನಿಯಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಜನ ಅದನ್ನು ಟ್ಯೂಫ್ ಅಂತ ಕರೆಯುತ್ತಾರೆ. ಅಲ್ಲಿ ಪ್ರತಿ ವರ್ಷ ಮಾಡೆಲ್‌ವಾರು ವರದಿ ಬರುತ್ತದೆ, ವಯಸ್ಸಿನ ಗುಂಪು ಮಾಡಿಯೇ ಕೊಡುತ್ತಾರೆ. ಓದಲು ಅದು ಚೆನ್ನಾಗಿದೆ.

ಕೊಂಡ ದಿನವೇ ಓಡಿಸಿಕೊಂಡು ಬರಬಹುದಾ?

ಎಂಒಟಿ ಕಾರಿನ ಜೊತೆಗೇ ಬರುತ್ತದೆ, ಮಾಲೀಕರು ಬದಲಾದರೂ ನಡೆಯುತ್ತದೆ. ರಸ್ತೆ ತೆರಿಗೆ ಹಾಗಲ್ಲ. ಹಳೇ ಮಾಲೀಕರು ಕಟ್ಟಿದ್ದು ನಿಮಗೆ ಬರುವುದಿಲ್ಲ, ನೀವೇ ಹೊಸದಾಗಿ ಕಟ್ಟಬೇಕು. ಅದಕ್ಕೆ ಚಾಲ್ತಿಯಲ್ಲಿರುವ ಎಂಒಟಿ ಬೇಕೇ ಬೇಕು. ವಿ5ಸಿಯಿಂದ ಹರಿದು ಕೊಡುವ ಹಸಿರು ಚೀಟಿಯ ಸಂಖ್ಯೆ ಹಾಕಿ ಅಲ್ಲೇ ಫೋನಿನಲ್ಲಿ ತೆರಿಗೆ ಕಟ್ಟಬಹುದು. ವಿಮೆಯನ್ನು ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ಮನೆಗೆ ಬಂದ ಮೇಲೆ ಗವ್.ಯುಕೆಯಲ್ಲಿ ಎಂಒಟಿ ನೆನಪೋಲೆಗೆ ನಿಮ್ಮ ಫೋನ್ ನಂಬರ್ ಕೊಡಿ, ಅವಧಿ ಮುಗಿಯುವ ಒಂದು ತಿಂಗಳು ಮುಂಚೆ ಮೆಸೇಜ್ ಬರುತ್ತದೆ. ಆ ತಿಂಗಳಲ್ಲಿ ಬೇಗನೇ ಪರೀಕ್ಷೆ ಮಾಡಿಸಿದರೂ ಹಳೆಯ ದಿನಾಂಕವೇ ಮುಂದುವರಿಯುತ್ತದೆ, ದಿನ ನಷ್ಟವಾಗುವುದಿಲ್ಲ.